ಬೆಕೋಸ್ ಸರಿ, ಹಟ್ಟುಸಾದ ಬ್ರೆಡ್ ಎಲ್ಲಿ?

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬ್ರೆಡ್ಡಿನ ಹೆಸರುಗಳ ಬಗ್ಗೆ ಬಂದ ಬರಹ ಓದಿದೆ. ಈಜಿಪ್ಟಿನ ದೊರೆ ಸಾಮೆಟಿಕಸ್, ಜಗತ್ತಿನ ಅತಿ ಹಳೆಯ ಜನ ಯಾರೆಂದು ತಿಳಿಯಲು, ಎರಡು ಕೂಸುಗಳನ್ನು ಮಾತೇ ಕಿವಿಗೆ ಬೀಳದ ಹಾಗೆ ಬೆಳೆಸಿದ್ದು, ಅವು ಒಂದು ದಿನ ಕೈಚಾಚಿ 'ಬೆಕೋಸ್' ಅಂದಿದ್ದು, ಅದು ಅನಟೋಲಿಯಾದ (ಈಗಿನ ಟರ್ಕಿ) ಫ್ರಿಜಿಯನ್ನರ ಮಾತಲ್ಲಿ ಬ್ರೆಡ್ ಎಂದು ತಿಳಿದಿದ್ದು. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿಟ್ಟ ಕಥೆ ಸೊಗಸಾಗಿದೆ. ಆದರೆ 'ಹಾಗಾಗಿ ಬೆಕೋಸ್ ಬ್ರೆಡ್ಡಿನ ಅತಿ ಹಳೆಯ ಹೆಸರು' ಎಂದು ಮುಗಿಸಿದ್ದು ಸರಿ ಕಾಣಲಿಲ್ಲ. ಆ ಕೂಸುಗಳು ಬೆಳೆದದ್ದು ಆಡಿನ ಹಾಲು ಕುಡಿದು, ಆಡಿನ ದನಿ ಕೇಳಿ. ನಮ್ಮ ಹಿತ್ತಲಿನ ಆಡೂ ಹಸಿದರೆ ಹತ್ತಿರಹತ್ತಿರ ಹಾಗೇ ಅರಚುತ್ತದೆ. ಅದಕ್ಕೆ ಫ್ರಿಜಿಯನ್ ಬರುವುದಿಲ್ಲ.

ಬೆಕೋಸ್ ಸುಳ್ಳು ಪದವೇನಲ್ಲ. ರೋಮನ್ನರ ಕಾಲದ ಫ್ರಿಜಿಯನ್ ಗೋರಿಕಲ್ಲುಗಳಲ್ಲಿ, ಗೋರಿ ಕೆಡಿಸಿದವನಿಗೆ ಹಾಕುವ ಶಾಪದ ಸಾಲಿನಲ್ಲಿ ಅದು ನಿಜಕ್ಕೂ ಇದೆ. ನನ್ನ ತಕರಾರು ಬೇರೆ. ಫ್ರಿಜಿಯನ್ನರಿಗಿಂತ ಮೊದಲೇ ಅಲ್ಲಿ ಹಿಟ್ಟೈಟರು ಇದ್ದರು. ಅವರ ರಾಜಧಾನಿ ಹಟ್ಟುಸಾದ ಮಣ್ಣಿನ ಹಲಗೆಗಳಲ್ಲಿ ನೂರಕ್ಕೂ ಜಾಸ್ತಿ ಬಗೆಯ ಬ್ರೆಡ್ಡಿನ ಹೆಸರುಗಳಿವೆ. ದಪ್ಪ ಬ್ರೆಡ್, ತೆಳು ಬ್ರೆಡ್, ಹುಳಿ ಬ್ರೆಡ್, ಸೈನಿಕರ ಬ್ರೆಡ್. ಚಂದ್ರನಿಗೆ ಅವರು 'ಅರ್ಮ' ಅನ್ನುತ್ತಿದ್ದರು, ಚಂದ್ರನಾಕಾರದ ಬ್ರೆಡ್ 'ಅರ್ಮನ್ನಿ'. ಬರಹದಲ್ಲಿ ಇವುಗಳ ಸುಳಿವೇ ಇಲ್ಲ!

ಹಿಟ್ಟೈಟ್ ಭಾಷೆಯ ಬೀಗ ತೆಗೆದದ್ದೂ ಬ್ರೆಡ್ಡೇ. 1915ರಲ್ಲಿ ಚೆಕ್ ವಿದ್ವಾಂಸ ಬೆಡ್ರಿಖ್ ಹ್ರೋಜ್ನಿ ಒಂದು ಸಾಲಿನ ಮುಂದೆ ಕೂತರು: 'ನು ನಿಂದಾ-ಅನ್ ಎಜ್ಜತ್ತೇನಿ ವಾತರ್-ಮ ಎಕುತ್ತೇನಿ'. 'ನಿಂದಾ' ಈಗಿನ ಇರಾಕಿನಲ್ಲಿದ್ದ ಹಳೆಯ ಸುಮೇರಿಯನ್ನರ ಚಿಹ್ನೆ, ಅರ್ಥ ಬ್ರೆಡ್, ಅಷ್ಟು ಗೊತ್ತಿತ್ತು. ಬ್ರೆಡ್ ಇದ್ದಲ್ಲಿ ತಿನ್ನುವುದು ಇರಬೇಕಲ್ವಾ? 'ಎಜ್ಜ' ನೋಡಿದರೆ ಜರ್ಮನ್ನಿನ 'ಎಸ್ಸೆನ್' (ತಿನ್ನು) ನೆನಪಾಯಿತು. 'ವಾತರ್' ಅಂತೂ ಎದುರಿಗೇ ಇತ್ತು, ನೀರು. ಬ್ರೆಡ್ ತಿನ್ನುತ್ತೀರಿ, ನೀರು ಕುಡಿಯುತ್ತೀರಿ.

ತಮಾಷೆ ಏನೆಂದರೆ, ಈ ಸಾಲಿನಲ್ಲಿ ಬ್ರೆಡ್ಡಿಗೆ ಹಿಟ್ಟೈಟರು ಏನನ್ನುತ್ತಿದ್ದರು ಎನ್ನುವುದೇ ಇಲ್ಲ. ಬರೆದದ್ದು ಸುಮೇರಿಯನ್ ಚಿಹ್ನೆ, ಬಾಲದಲ್ಲಿರುವ 'ಅನ್' ಮಾತ್ರ ಅವರದು. ನಾವು '5ಕ್ಕೆ ಬಾ' ಎಂದು ಬರೆಯುವುದಿಲ್ಲವೇ, ಹಾಗೆ. 'ಕ್ಕೆ' ಕನ್ನಡ ಎಂದು ಗೊತ್ತಾಗುತ್ತದೆ. 5 ಅನ್ನು ಹೇಗೆ ಓದಬೇಕು ಎನ್ನುವುದು ಕನ್ನಡ ಬಲ್ಲವರಿಗಷ್ಟೇ ಗೊತ್ತು.

ಇನ್ನೊಂದು. 'ಎಕುತ್ತೇನಿ' ಓದಿದಾಗ ನನಗೆ ತಟ್ಟನೆ ನಮ್ಮ 'ಕುಡಿಯುತ್ತೇನೆ' ನೆನಪಾಗಿ ರೋಮಾಂಚನವಾಯಿತು. ಆದರೆ ಅದು 'ನಾನು' ಅಲ್ಲ, 'ನೀವು'. ಹೋಲಿಕೆ ಬರೀ ಕಾಕತಾಳೀಯ. ಸಾಮೆಟಿಕಸ್ ಬಿದ್ದ ಹಳ್ಳದಲ್ಲೇ ನಾನೂ ಬೀಳುತ್ತಿದ್ದೆ. ನಿಜವಾದ ನಂಟು ಬೇರೆ ಕಡೆ ಇದೆ, ಅದೂ ಸಂಸ್ಕೃತದ ಮೂಲಕ. ಹಿಟ್ಟೈಟ್, ಸಂಸ್ಕೃತ, ಜರ್ಮನ್ ಎಲ್ಲ ಒಂದೇ ಭಾಷಾ ಕುಟುಂಬದವು. ಹಿಟ್ಟೈಟರ ತಿನ್ನುವ ಕ್ರಿಯೆಯ ಮೂಲ 'ಎದ್', ಸಂಸ್ಕೃತದ್ದು 'ಅದ್'. ಅದರಿಂದ ಬಂದದ್ದು 'ಅನ್ನ'. 'ವಾತರ್'ನ ದಾಯಾದಿ 'ಉದಕ'. ನಾವು ಅನ್ನೋದಕ ಅನ್ನುವಾಗ ಹ್ರೋಜ್ನಿ ಓದಿದ ಸಾಲಿನ ಎರಡು ಬೇರುಗಳೂ ಬಾಯಲ್ಲಿ ಬರುತ್ತವೆ.

ಲೇಖಕರು ಚೆನ್ನಾಗಿ ಬರೆಯುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಅವರಿಂದಲೇ ಹಟ್ಟುಸಾದ ಬ್ರೆಡ್ಡುಗಳ ಮೇಲೆ ಇನ್ನೊಂದು ಕಂತು ಬರೆಸಿ. ದೊರೆ ದೇವರ ಮುಂದೆ ದಪ್ಪ ಬ್ರೆಡ್ ಮುರಿಯುತ್ತಿದ್ದ ಆಚರಣೆಯೂ ಅದರಲ್ಲಿರಲಿ.

— ನಿವೃತ್ತ ಶಿಕ್ಷಕ, ಧಾರವಾಡ