ಅಪ್ಪ ಗಾಡಿಯ ಅಡಿಗೆ ಹೋಗುವುದು ಬೇಡ

ಸ್ಟುಟ್‌ಗಾರ್ಟ್
ಭಾನುವಾರ

ಚಿ. ಗಿರೀಶನಿಗೆ ಅಕ್ಕನ ಆಶೀರ್ವಾದಗಳು. ನಾನಿಲ್ಲಿ ಕ್ಷೇಮ, ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಅತ್ತೆಗೂ ಚಿಕ್ಕಪ್ಪನಿಗೂ ನಮಸ್ಕಾರ ತಿಳಿಸು.

ಅಮ್ಮನ ಕಾಗದ ಬಂತು. ನೀನೂ ಅಪ್ಪನೂ ಸೇರಿ ಹಳೇ ಪಿಕಪ್ ಬಿಚ್ಚಲು ಶುರುಮಾಡಿದ್ದೀರಿ ಎಂದು ಓದಿ ಖುಷಿಯಾಯಿತು. ಮುಂದಿನ ಸಾಲಿಗೆ ಬಂದಾಗ ಆ ಖುಷಿ ಉಳಿಯಲಿಲ್ಲ. ಅಪ್ಪ ಬರೀ ಜಾಕಿಯ ಮೇಲೆ ಗಾಡಿ ಎತ್ತಿ, ಪಕ್ಕಕ್ಕೆರಡು ಟೊಳ್ಳು ಸಿಮೆಂಟ್ ಇಟ್ಟಿಗೆ ಕೊಟ್ಟು ಅಡಿಗೆ ಹೋಗುತ್ತಾರಂತೆ. ಸಂಜೆ ಹೊರಗೆ ಬಂದ ಮೇಲೆ ಉಬ್ಬಸ ಜಾಸ್ತಿಯಂತೆ. ಕೆಲಸ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಅಪ್ಪನ ಕೈಯೂ ತಲೆಯೂ ಆ ಗಾಡಿಗೆ ಬೇಕೇ ಬೇಕು. ಆದರೆ ಅವರ ಎದೆಯನ್ನು ಅದರ ಅಡಿಗೆ ಒಡ್ಡುವುದು ಬೇಡ. ಯಾವ ಕೆಲಸ ಅವರದು, ಯಾವುದು ನಿನ್ನದು ಎಂದು ಇವತ್ತೇ ಹಂಚಿಕೊಳ್ಳಿ.

ಮೊದಲು ಜಾಕಿಯ ವಿಷಯ. ಜಾಕಿ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಹೈಡ್ರಾಲಿಕ್ ಜಾಕಿಯೊಳಗಿನ ಒಂದು ರಬ್ಬರ್ ಸೀಲು ಹರಿದರೆ ಸಾಕು, ಎಣ್ಣೆ ಹಿಂದಕ್ಕೆ ನುಗ್ಗಿ ಗಾಡಿ ಕೂತುಬಿಡುತ್ತದೆ. ಟೊಳ್ಳು ಇಟ್ಟಿಗೆ ಇನ್ನೂ ಅಪಾಯ. ಗೋಡೆಯಲ್ಲಿ ಭಾರ ಹರಡಿಕೊಂಡಿರುತ್ತದೆ, ಇಲ್ಲಿ ಆಕ್ಸಲ್ಲಿನ ಭಾರವೆಲ್ಲ ಒಂದೇ ಕಡೆ ಬಿದ್ದು ಇಟ್ಟಿಗೆ ಒಮ್ಮೆಗೇ ಪುಡಿಯಾಗುತ್ತದೆ. 3 ಟನ್ನಿನ ಕಬ್ಬಿಣದ ಸ್ಟ್ಯಾಂಡು ಒಂದು ಜೊತೆ ತಂದುಕೊಳ್ಳಿ. ನೆಲ ಮಣ್ಣಿನದಾದರೆ ಸ್ಟ್ಯಾಂಡಿನ ಕಾಲು ಹೂತುಹೋಗುತ್ತದೆ, ಅದಕ್ಕೆ ಅಡಿಯಲ್ಲಿ ದಪ್ಪ ಪ್ಲೈವುಡ್ ಅಥವಾ ಕಬ್ಬಿಣದ ಹಲಗೆ ಹಾಕು. ಸ್ಟ್ಯಾಂಡಿನ ತಲೆ ಆಕ್ಸಲ್ ಟ್ಯೂಬಿನ ಅಡಿಗೋ ತುಕ್ಕಿಲ್ಲದ ಚಾಸಿಯ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿನ ಅಡಿಗೋ ಬರಬೇಕು, ಸ್ಪ್ರಿಂಗ್ ಪ್ಲೇಟಿನ ಅಡಿಗೆ ಬೇಡವೇ ಬೇಡ.

ಚಕ್ರದ ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿಕೋ. ಎತ್ತಿದ ಮೇಲೆ ಜಗ್ಗಿದರೆ ಗಾಡಿ ಸ್ಟ್ಯಾಂಡಿನಿಂದ ಜಾರಬಹುದು. ಹ್ಯಾಂಡ್ ಬ್ರೇಕ್ ಹಾಕಿದ್ದೇವೆ, ಗೇರ್‌ನಲ್ಲಿ ಬಿಟ್ಟಿದ್ದೇವೆ ಅನ್ನುವ ಧೈರ್ಯ ಸಾಲದು. ಕೆಲವು ಹಳೇ ಪಿಕಪ್‌ಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಎಂಜಿನ್ನಿನ ಬಲವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು. ಅಂಥದರಲ್ಲಿ ಹಿಂದಿನ ಒಂದು ಚಕ್ರ ಗಾಳಿಗೆ ಬಂದರೆ, ಎರಡು ಚಕ್ರಕ್ಕೂ ಬಲ ಹಂಚುವ ಡಿಫರೆನ್ಷಿಯಲ್ ಮೂಲಕ ಅದು ತಿರುಗಿಕೊಳ್ಳುತ್ತದೆ, ನೆಲದ ಮೇಲಿರುವ ಇನ್ನೊಂದು ಚಕ್ರ ಉರುಳಲು ಬಿಡುವಾಗುತ್ತದೆ. ಗೇರ್‌ನಲ್ಲಿ ಬಿಟ್ಟ ಗಾಡಿಗೂ ಇದೇ ಗತಿ. ಹಾಗಾಗಿ ಹಿಂದೆ ಎತ್ತುವಾಗ ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಮರದ ದಿಮ್ಮಿ ಕೊಡು. ಸ್ಟ್ಯಾಂಡಿಗೆ ಇಳಿಸಿದ ಮೇಲೆ ಗಾಡಿಯ ಮೈಗೆ ಕೈಯಿಟ್ಟು ಜೋರಾಗಿ ಅಲ್ಲಾಡಿಸಿ ನೋಡು. ಬೀಳುವುದಿದ್ದರೆ ಯಾರೂ ಅಡಿಯಲ್ಲಿಲ್ಲದಾಗ ಬೀಳಲಿ. ಬಿಚ್ಚಿದ ಚಕ್ರಗಳನ್ನು ಚಾಸಿಯ ಅಡಿಗೆ ಅಡ್ಡಲಾಗಿ ತಳ್ಳಿಡು, ಏನಾದರೂ ಕೈಕೊಟ್ಟರೂ ಗಾಡಿ ಅವುಗಳ ಮೇಲೆ ನಿಲ್ಲುತ್ತದೆ. ಇಷ್ಟಾದ ಮೇಲೂ ಅಡಿಗೆ ಹೋಗುವವನು ನೀನು, ಅಪ್ಪನಲ್ಲ.

ಇಲ್ಲಿ ಗಂಟೆ ಲೆಕ್ಕಕ್ಕೆ ಲಿಫ್ಟ್ ಬಾಡಿಗೆ ಕೊಡುವ ಗ್ಯಾರೇಜುಗಳಿವೆ. ಗಾಡಿಯನ್ನು ತಲೆಯ ಮೇಲಕ್ಕೆ ಎತ್ತಿಕೊಂಡು, ನಿಂತುಕೊಂಡೇ, ಅವರ ಪಾನಾ ಹಿಡಿದು ನಾವೇ ಕೆಲಸ ಮಾಡಬಹುದು. ಭಾನುವಾರ ಮನೆಯಲ್ಲಿ ಗ್ರೈಂಡರ್ ಓಡಿಸುವ ಹಾಗಿಲ್ಲ, ಸದ್ದಿನ ಕೆಲಸಕ್ಕೆ ಅವತ್ತು ಕಾನೂನಿನ ತಡೆಯೇ ಇದೆ. ಚಿಕ್ಕಪ್ಪ ಕೇಳಿದರೆ ನಗುತ್ತಾರೆ, ಗೊತ್ತು. ಆದರೆ ಎಂಜಿನ್ ಆಯಿಲ್ ಮಾರಿದ ಅಂಗಡಿಯವನು ಅಷ್ಟೇ ಪ್ರಮಾಣದ ಸುಟ್ಟ ಆಯಿಲನ್ನು ಪುಕ್ಕಟೆಯಾಗಿ ವಾಪಸ್ ತೆಗೆದುಕೊಳ್ಳಲೇಬೇಕು ಎಂಬ ನಿಯಮವೂ ಇಲ್ಲೇ ಇದೆ, ಅದನ್ನೂ ಅವರಿಗೆ ಹೇಳು. ಗಾಡಿಗೆ 30 ವರ್ಷ ತುಂಬಿ, ಮೂಲ ರೂಪ ಕೆಡದೆ ಉಳಿದಿದ್ದರೆ ನಂಬರ್ ಪ್ಲೇಟಿನ ಕೊನೆಗೆ ಎಚ್ ಅಕ್ಷರ ಸೇರಿಸಿ ಕೊಡುತ್ತಾರೆ. ಹಳೇ ಗಾಡಿಯನ್ನು ಗುಜರಿ ಅನ್ನದೆ ಗೌರವದಿಂದ ನೋಡುವ ಊರಿದು.

ಇನ್ನು ಅಪ್ಪನ ಉಬ್ಬಸ. ಬ್ರೇಕ್ ಡ್ರಮ್ ಬಿಚ್ಚುವಾಗ ಅವರನ್ನು ಹತ್ತಿರ ಬಿಡಬೇಡ. ಹಳೇ ಲೈನರ್‌ಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಹೆಚ್ಚು. ಜರ್ಮನಿಯಲ್ಲಿ ಅದನ್ನು 1993ರಲ್ಲೇ ನಿಷೇಧಿಸಿದರು, ಯಾಕೆಂದರೆ ಆ ಪುಡಿ ಎದೆಗೆ ಹೋದರೆ ಹೊರಗೆ ಬರುವುದಿಲ್ಲ. ಕಂಪ್ರೆಸರ್ ಗಾಳಿಯಲ್ಲಿ ಊದುವುದು, ಒಣ ಬ್ರಷ್ಷಿನಲ್ಲಿ ಗುಡಿಸುವುದು ಎರಡೂ ಬೇಡ. ಸೋಪಿನ ನೀರನ್ನು ಸ್ಪ್ರೇ ಬಾಟಲಿಯಲ್ಲಿ ಸಿಂಪಡಿಸಿ ಪೂರ್ತಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಒದ್ದೆಯಾಗಿರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟು. ಡ್ರಮ್ ಬರದಿದ್ದರೆ ಅಂಚಿಗೆ ಸುತ್ತಿಗೆಯಲ್ಲಿ ಬಡಿಯಬೇಡ, ಎರಕದ ಕಬ್ಬಿಣ ಸೀಳುತ್ತದೆ. ಮೊದಲು ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಿ ಬ್ರೇಕ್ ಶೂಗಳನ್ನು ಒಳಗೆಳೆದುಕೋ. ಬಹಳ ಡ್ರಮ್‌ಗಳಲ್ಲಿ ತಿರುಪಿನ ಗೆರೆಯಿರುವ ಎರಡು ತೂತಿರುತ್ತವೆ, ಅವಕ್ಕೆ ಬೋಲ್ಟು ಹಾಕಿ ಎರಡನ್ನೂ ಸಮಸಮವಾಗಿ ಬಿಗಿದರೆ ಡ್ರಮ್ ತಾನಾಗಿ ಹೊರಬರುತ್ತದೆ.

ಒಳಗಿನ ವೀಲ್ ಸಿಲಿಂಡರ್, ಅಂದರೆ ಆಯಿಲ್ ಒತ್ತಡದಿಂದ ಶೂಗಳನ್ನು ತಳ್ಳುವ ಭಾಗ, ಅದನ್ನು ಬಿಚ್ಚಿ ಮೇಜಿನ ಮೇಲೆ ತಂದಿಟ್ಟರೆ ಅದು ಅಪ್ಪನ ಕೆಲಸ. ಅದರ ಒಳಮೈಯಲ್ಲಿ ಬರೀ ಕಲೆಯಿದ್ದರೆ ಸಣ್ಣ ಉಪ್ಪುಕಾಗದದಲ್ಲಿ ಉಜ್ಜಿ ಹೊಸ ರಬ್ಬರ್ ಕಿಟ್ ಹಾಕಬಹುದು. ಉಗುರಿಗೆ ಸಿಕ್ಕುವಷ್ಟು ಗುಳಿಯಿದ್ದರೆ ಸಿಲಿಂಡರನ್ನೇ ಬದಲಿಸಿ. ರಬ್ಬರನ್ನು ಹೊಸ ಬ್ರೇಕ್ ಆಯಿಲ್‌ನಲ್ಲಿ ಅದ್ದಿಯೇ ಕೂರಿಸಬೇಕು. ಎಂಜಿನ್ ಆಯಿಲ್, ಡೀಸೆಲ್, ಪೆಟ್ರೋಲ್ ಯಾವುದು ಸೋಕಿದರೂ ರಬ್ಬರ್ ಊದಿ ಬ್ರೇಕ್ ಕಚ್ಚಿಕೊಳ್ಳುತ್ತದೆ. ರಬ್ಬರ್ ಹೋಸುಗಳು ಹೊರಗೆ ಚೆನ್ನಾಗಿ ಕಂಡರೂ ಎಲ್ಲವನ್ನೂ ಎಸೆಯಿರಿ, ಒಳಗೆ ಊದಿಕೊಂಡು ಆಯಿಲ್ ಹಿಂದಕ್ಕೆ ಬರದಂತೆ ತಡೆಯುತ್ತವೆ. ಆಮೇಲೆ ಚಕ್ರ ಬಿಸಿಯಾಗುತ್ತದೆ, ಕಾರಣ ಮಾತ್ರ ಹುಡುಕಿದರೂ ಸಿಗುವುದಿಲ್ಲ. ಆಯಿಲ್ ಹೊಸ ಡಬ್ಬಿಯದೇ ಆಗಲಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿಯಲ್ಲಿ ಕುದಿಯಬೇಕೆಂಬುದು ಲೆಕ್ಕ, ಗಾಳಿಯ ತೇವ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಅರ್ಧ ಉಳಿದ ಹಳೇ ಡಬ್ಬಿಯ ಮೇಲೆ ಇಳಿಜಾರಿನಲ್ಲಿ ಜೀವ ಒತ್ತೆಯಿಡುವುದು ಬೇಡ.

ಬ್ರೇಕ್ ಪೈಪಿನಲ್ಲಿ ಸಿಕ್ಕಿದ ಏರ್ ತೆಗೆಯುವಾಗ ಅಪ್ಪ ಕ್ಯಾಬಿನ್ನಿನಲ್ಲಿ ಕೂತು ಪೆಡಲ್ ಒತ್ತಲಿ, ನೀನು ಚಕ್ರದ ಹತ್ತಿರ ಇರು. ಪೆಡಲಿಗೆ ಸೇರಿದ ಮಾಸ್ಟರ್ ಸಿಲಿಂಡರ್ ಬಲಗಡೆ ಇರುವುದರಿಂದ ದೂರದ ಎಡ ಹಿಂದಿನ ಚಕ್ರದಿಂದ ಶುರುಮಾಡು, ಆಮೇಲೆ ಬಲ ಹಿಂದಿನದು, ಎಡ ಮುಂದಿನದು, ಕೊನೆಗೆ ಬಲ ಮುಂದಿನದು. ಮಾಸ್ಟರ್ ಸಿಲಿಂಡರ್ ಹಳೆಯದೇ ಇಟ್ಟುಕೊಂಡಿದ್ದರೆ ಪೆಡಲಿನ ಅಡಿಗೆ ಒಂದು ಮರದ ತುಂಡು ಇಡು. ಪೂರ್ತಿ ತಳಕ್ಕೆ ಒತ್ತಿದರೆ ಸೀಲು ಎಂದೂ ಓಡಾಡದ ತುಕ್ಕಿನ ಜಾಗಕ್ಕೆ ಹೋಗಿ ಹರಿಯುತ್ತದೆ. ಆಯಿಲ್ ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹೊಯ್ಯಿ.

ಬಣ್ಣದ ವಿಷಯದಲ್ಲಿ ನಾನು ಹಟವನ್ನೇ ಮಾಡುತ್ತೇನೆ. ಹಾರ್ಡನರ್ ಬೆರೆಸುವ ಟೂ-ಕೆ ಬಣ್ಣವನ್ನು ಮನೆಯಲ್ಲಿ ಸ್ಪ್ರೇ ಮಾಡಲೇಬೇಡಿ. ಆ ಹಾರ್ಡನರಿನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಉಬ್ಬಸ ಇಲ್ಲದವರಿಗೇ ಅದು ಉಬ್ಬಸ ತರಿಸುತ್ತದೆ, ಒಮ್ಮೆ ಒಗ್ಗದೆ ಹೋದರೆ ಆಮೇಲೆ ತುಸುವೇ ತಗುಲಿದರೂ ಉಸಿರು ಕಟ್ಟುತ್ತದೆ. ಅದಕ್ಕೆ ವಾಸನೆಯ ಎಚ್ಚರಿಕೆಯನ್ನು ನಂಬುವ ಹಾಗಿಲ್ಲ, ಮೂಗಿಗೆ ಗೊತ್ತಾಗುವ ಮೊದಲೇ ಕೆಡುಕಾಗಿರುತ್ತದೆ. ಸ್ಪ್ರೇ ಮಾಡುವವರಿಗೆ ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಖವಾಡ ಬೇಕು, ಬಟ್ಟೆಯ ಮಾಸ್ಕ್ ಲೆಕ್ಕಕ್ಕೇ ಇಲ್ಲ. ಕ್ಯಾಬಿನ್ನಿಗೆ ಅದೇ ಹೊಳಪು ಬೇಕೆಂದರೆ ಪೇಂಟ್ ಬೂತ್ ಇರುವವರಿಗೆ ಕೊಡಿ. ಗಾಡಿಯ ಹಿಂಭಾಗದ ತೊಟ್ಟಿಗೆ, ಚಾಸಿಗೆ ಹಾರ್ಡನರ್ ಹಾಕದ ಸಿಂಥೆಟಿಕ್ ಎನಾಮೆಲ್ ಅನ್ನು ಬ್ರಷ್ಷಿನಲ್ಲಿ ಹೊಡೆದರೂ ಚೆನ್ನಾಗಿರುತ್ತದೆ. ಗೀರು ಬಿದ್ದರೆ ಅಲ್ಲಿಗಷ್ಟೇ ಮತ್ತೆ ಬಳಿಯಬಹುದು. ಹೊಡೆದ ದಿನ ಅಪ್ಪ ಆ ಕಡೆ ಬರದಿರಲಿ, ಥಿನ್ನರ್ ವಾಸನೆಯೂ ಅವರಿಗೆ ಸಾಕು. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಆದ್ದರಿಂದ ಅದನ್ನು ಒಣಗಿರುವಾಗ ಉಜ್ಜದೆ ನೀರು ಹಾಕಿಯೇ ಉಜ್ಜಬೇಕು. ಪುಟ್ಟಿ 3 ಮಿಲಿಮೀಟರಿಗಿಂತ ದಪ್ಪ ಬೇಡ, ಕುಲುಕಾಟಕ್ಕೆ ಬಿರಿಯುತ್ತದೆ.

ತುಕ್ಕನ್ನು ಕಣ್ಣಿಗಿಂತ ಕಿವಿ ಚೆನ್ನಾಗಿ ಹಿಡಿಯುತ್ತದೆ. ಚಾಸಿಯನ್ನು ಉದ್ದಕ್ಕೂ ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗು. ಗಟ್ಟಿ ಇರುವಲ್ಲಿ ಠಣ್ ಅನ್ನುತ್ತದೆ, ಟೊಳ್ಳಾದಲ್ಲಿ ಸದ್ದು ಸಾಯುತ್ತದೆ. ಸ್ಪ್ರಿಂಗಿನ ಹ್ಯಾಂಗರ್ ಸುತ್ತ, ಕ್ಯಾಬಿನ್ ಕೂರುವ ಬ್ರಾಕೆಟ್ಟಿನ ಅಡಿ, ಎರಡು ತಗಡು ಒಂದರ ಮೇಲೊಂದು ಬಂದಿರುವ ಕಡೆ ನಿಧಾನವಾಗಿ ನೋಡು. ಚಾಸಿಯ ವೆಲ್ಡಿಂಗ್ ಕಸುಬು ಬಲ್ಲವನೇ ಮಾಡಲಿ. ತೇಪೆಯ ತುದಿ ಚಾಸಿಗೆ ಅಡ್ಡಲಾಗಿ ನೇರ ಬರಬಾರದು, ಮೊನಚಾಗಿ ಓರೆಯಾಗಿ ಬರಬೇಕು, ಇಲ್ಲದಿದ್ದರೆ ವೆಲ್ಡಿನ ಗೆರೆಯುದ್ದಕ್ಕೂ ಮತ್ತೆ ಬಿರುಕು ಬರುತ್ತದೆ. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಆಲ್ಟರ್ನೇಟರಿನ ವೈರು ತೆಗೆದು, ಡೀಸೆಲ್ ಟ್ಯಾಂಕ್ ಇಳಿಸಿ ದೂರ ಇಡಿ. ಖಾಲಿ ಟ್ಯಾಂಕನ್ನು ವೆಲ್ಡ್ ಮಾಡುತ್ತೇನೆಂದು ಯಾರೇ ಹೇಳಿದರೂ ಕೊಡಬೇಡ, ಒಳಗಿನ ಆವಿಯೇ ಸಿಡಿಯುತ್ತದೆ. ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದ ಜಾಗಕ್ಕೂ ವೆಲ್ಡಿಂಗ್ ಬೇಡ. ಅದರಲ್ಲಿ ಕ್ಲೋರಿನ್ ದ್ರಾವಕವಿದ್ದರೆ ಬಿಸಿಗೆ ಫಾಸ್ಜೀನ್ ಎಂಬ ವಿಷಗಾಳಿಯಾಗುತ್ತದೆ.

ಎಂಜಿನ್ ಎಷ್ಟೋ ವರ್ಷದಿಂದ ನಿಂತಿದೆಯಲ್ಲ, ಸೀದಾ ಸೆಲ್ಫ್ ಹೊಡೆಯಬೇಡಿ. ಎಂಜಿನ್ ಸಿಲಿಂಡರನ್ನು ಬಿಸಿಮಾಡುವ ಹೀಟರ್ ಪ್ಲಗ್ ಬಿಚ್ಚಿ ಒಂದೊಂದು ತೂತಿಗೂ ಒಂದು ಚಮಚ, ಸುಮಾರು 5 ಮಿಲಿ ಎಂಜಿನ್ ಆಯಿಲ್ ಬಿಟ್ಟು ಎರಡು ದಿನ ಬಿಡಿ. ಜಾಸ್ತಿ ಹಾಕಿದರೆ ಪಿಸ್ಟನ್ ಮೇಲೆ ಆಯಿಲ್ ತುಂಬಿ ಕನೆಕ್ಟಿಂಗ್ ರಾಡ್ ಬಾಗಬಹುದು. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ಎರಡು ಪೂರ್ತಿ ಸುತ್ತು ಕೈಯಲ್ಲಿ ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ನಿಂತರೆ ಬಲ ಹಾಕದೆ ಕಾರಣ ಹುಡುಕಿ. ಆಯಿಲ್, ಫಿಲ್ಟರ್ ಬದಲಿಸಿ, ಪ್ಲಗ್ ಇಲ್ಲದೆಯೇ ಸೆಲ್ಫ್ ಹೊಡೆದರೆ ಒಳಗಿನ ಆಯಿಲ್ ಚಿಮ್ಮಿ ಹೊರಬರುತ್ತದೆ, ಮುಖ ದೂರ ಇರಲಿ. ಒಮ್ಮೆಗೆ 10 ಸೆಕೆಂಡು ಸಾಕು, ನಡುವೆ ಒಂದು ನಿಮಿಷ ಬಿಡುವು ಕೊಡಿ. ಡೀಸೆಲ್ ಪೈಪಿನ ಏರ್ ತೆಗೆಯುವಾಗ ಮೊದಲು ಫಿಲ್ಟರ್, ಆಮೇಲೆ ಪಂಪು, ಕೊನೆಗೆ ನಾಜಲಿನ ನಟ್ಟು ಸಡಿಲಿಸಬೇಕು. ನಾಜಲಿನಿಂದ ಚಿಮ್ಮುವ ಡೀಸೆಲಿಗೆ ಕೈ ಒಡ್ಡಬೇಡಿ, ಆ ಒತ್ತಡಕ್ಕೆ ಅದು ಚರ್ಮ ಸೀಳಿ ಒಳಗೇ ಹೋಗುತ್ತದೆ. ಹಾಗೇನಾದರೂ ಆದರೆ ಗಾಯ ಸಣ್ಣದಾಗಿ ಕಂಡರೂ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಮೊದಲ ಸಲ ಸ್ಟಾರ್ಟ್ ಮಾಡುವಾಗ ಏರ್ ಇನ್‌ಟೇಕಿನ ಬಾಯಿ ಮುಚ್ಚುವಂಥ ಒಂದು ಮರದ ಹಲಗೆ ಪಕ್ಕದಲ್ಲಿರಲಿ. ಪಂಪು ಕಚ್ಚಿಕೊಂಡು ಎಂಜಿನ್ ತಾನೇತಾನಾಗಿ ವೇಗ ಏರಿಸಿಕೊಂಡರೆ ಕೀ ತೆಗೆದರೂ ನಿಲ್ಲದಿರಬಹುದು, ಗಾಳಿ ಕಟ್ಟಿದರೆ ನಿಲ್ಲುತ್ತದೆ. ಬಟ್ಟೆ ತುರುಕಿದರೆ ಒಳಗೆಳೆದುಕೊಳ್ಳುತ್ತದೆ. ಶೆಡ್ಡಿನ ಬಾಗಿಲು ಮುಚ್ಚಿ ಎಂಜಿನ್ ಓಡಿಸಬಾರದು, ಮೊದಲ ಹೊಗೆ ಬರುವಾಗ ಅಪ್ಪ ಗಾಳಿ ಬರುವ ದಿಕ್ಕಿನಲ್ಲಿ ನಿಂತಿರಲಿ.

ವೈರಿಂಗ್ ಪೂರ್ತಿ ಅಪ್ಪನಿಗೇ ಬಿಡು. ಮೇಜು, ಕುರ್ಚಿ, ಒಳ್ಳೇ ಬೆಳಕು, ಒಂದು ಮಲ್ಟಿಮೀಟರ್, ಇಷ್ಟಿದ್ದರೆ ಅವರಷ್ಟು ಚೊಕ್ಕಟವಾಗಿ ಯಾರೂ ಮಾಡುವುದಿಲ್ಲ. ಹೆಡ್‌ಲೈಟ್ ಮಂಕಾಗಿದ್ದರೆ ಬಲ್ಬಿಗಿಂತ ಮೊದಲು ಅರ್ಥಿಂಗ್ ನೋಡಲಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ನೆಗೆಟಿವ್ ಕಡ್ಡಿಗೂ ಎಂಜಿನ್ ಬ್ಲಾಕಿಗೂ ನಡುವೆ 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಪಟ್ಟಿ ಕೆಟ್ಟಿದೆ ಅಂತ. 55 ವ್ಯಾಟಿನ ಎರಡು ಬಲ್ಬು ಸೇರಿ 9 ಆಂಪಿಯರಿನಷ್ಟು ಎಳೆಯುತ್ತವೆ, ಅದೆಲ್ಲ ಹಳೇ ಸ್ವಿಚ್ಚಿನ ಮೂಲಕ ಹೋದರೆ ಅದು ಕರಗುತ್ತದೆ. ರಿಲೇ ಹಾಕಿ, 2.5 ಚದರ ಮಿಲಿಮೀಟರ್ ವೈರು ಎಳೆದು, ಫ್ಯೂಸನ್ನು ಬ್ಯಾಟರಿಯ ಹತ್ತಿರವೇ ಕೂರಿಸಲಿ. ಬಿಚ್ಚಿದ ಪ್ರತಿಯೊಂದು ವೈರಿಗೂ ಚೀಟಿ ಅಂಟಿಸುವುದು, ಬೋಲ್ಟುಗಳನ್ನು ಪೊಟ್ಟಣ ಮಾಡಿ ಹೆಸರು ಬರೆಯುವುದು, ಬಿಚ್ಚುವ ಮೊದಲು ಫೋಟೋ ತೆಗೆಯುವುದು ಅವರದೇ ಇಲಾಖೆ ಅಂತ ಹೇಳಿಬಿಡು. ಅದು ಸಣ್ಣ ಕೆಲಸವಲ್ಲ, ಜೋಡಿಸುವಾಗ ಗಾಡಿ ನಿಲ್ಲುವುದೇ ಅದರ ಮೇಲೆ.

ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ. 2312 ಅಂದರೆ 2012ರ 23ನೇ ವಾರ ಮಾಡಿದ್ದು. ಅಷ್ಟು ಹಳೆಯದಾದರೆ ಮೇಲ್ಮೈ ಸವೆಯದೆ ಚೆನ್ನಾಗಿದ್ದರೂ ಬೇಡ. ಸ್ಪ್ರಿಂಗಿನ ಯೂ ಬೋಲ್ಟು ಹಳೆಯದು ಮತ್ತೆ ಹಾಕಬೇಡ, ಬುಷ್ಷಿನ ಬೋಲ್ಟುಗಳನ್ನು ಗಾಡಿ ಚಕ್ರದ ಮೇಲೆ ನಿಂತ ಮೇಲೆಯೇ ಕೊನೆಯ ಬಿಗಿ ಮಾಡು. ಚಕ್ರದ ನಟ್ಟುಗಳನ್ನು 50 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡು.

ಅಮ್ಮನಿಗೆ ಹೇಳು, ನನಗೆ ಗಾಬರಿಯೇನೂ ಇಲ್ಲ, ನಾನಿಲ್ಲಿ ಚೆನ್ನಾಗಿಯೇ ಇದ್ದೇನೆ, ಊಟ ನಿದ್ದೆ ಎಲ್ಲ ಸರಿಯಾಗಿದೆ, ನೀವಿಬ್ಬರೂ ಜಾಣರು, ಏನೂ ಆಗುವುದಿಲ್ಲ. ಅಪ್ಪನಿಗೆ ಈ ಕಾಗದ ಓದಿ ಹೇಳುವಾಗ ಜಾಕಿಯ ಭಾಗವನ್ನು ಎರಡು ಸಲ ಓದು. ಅವರ ಇನ್‌ಹೇಲರ್ ಶೆಡ್ಡಿನಲ್ಲೇ, ಕೈಗೆ ಸಿಗುವ ಕಡೆ ಇರಲಿ. ಸ್ಟ್ಯಾಂಡ್ ತಂದ ದಿನ ಒಂದು ಫೋಟೋ ಕಳಿಸು, ಅಲ್ಲಿಯವರೆಗೆ ಗಾಡಿ ಎತ್ತಬೇಡಿ. ಬಸ್ಸಿನ ಹೊತ್ತಾಯಿತು, ಉಳಿದದ್ದು ಮುಂದಿನ ಕಾಗದದಲ್ಲಿ.

ಇಂತಿ,
ನಿನ್ನ ಅಕ್ಕ