ಅಪ್ಪಾ, ಗೇರ್ ಬಾಕ್ಸ್ ಇಳಿಸಿ ಹಾಕಿದ್ದಾಯ್ತು

ಅಪ್ಪಾ, ಅಮ್ಮಾ,

ಇಲ್ಲಿ ಜರ್ಮನೀಲಿ ಎಲ್ಲಾ ಆರಾಮ. ಪುಟ್ಟಿ ನೆಗಡಿ ವಾಸಿಯಾಯ್ತು, ಹ್ಯಾನೋವರ್ ಚಳಿ ಮಾತ್ರ ಏಪ್ರಿಲ್ ಬಂದ್ರೂ ಬಿಟ್ಟಿಲ್ಲ. ನಮ್ಮ ಹಳೇ ವ್ಯಾನಿನ ಗೇರ್ ಬಾಕ್ಸ್ ಹಾಳಾಗಿದ್ದ ವಿಷ್ಯ ಫೋನಲ್ಲಿ ಹೇಳೋಕೆ ಹೋದ್ರೆ ಅಪ್ಪಾ ನೀನು ಅರ್ಧಕ್ಕೇ ಬೈಯೋಕೆ ಶುರು ಮಾಡ್ತೀಯ, ಅದಕ್ಕೇ ಬರೀತಿದೀನಿ, ಪೂರ್ತಿ ಓದಿ ಆಮೇಲೆ ಬೈಯಿ.

ಕಳೆದ ತಿಂಗಳು ದಕ್ಷಿಣದ ಕಡೆ ಹೋಗಿ ವಾಪಸ್ ಬರ್ತಾ ಎ7 ಹೈವೇಲಿ ಕಾಸೆಲ್ ಹತ್ರ ಏರು ಇಳಿಜಾರು ಜಾಸ್ತಿ ಇದೆಯಲ್ಲ, ಅಲ್ಲಿ ಇಳೀತಾ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದೆ ಅಷ್ಟೇ, ಟಪ್ ಅಂತ ಫೋರ್ತ್ ಗೇರ್ ಸ್ಲಿಪ್ ಆಗಿ ನ್ಯೂಟ್ರಲ್‌ಗೆ ಬಂತು. ಮತ್ತೆ ಹಾಕಿದೆ, ಮತ್ತೆ ಬಂತು. ಗಾಡಿ ಎರಡು ಟನ್ ಹತ್ರ ತೂಗತ್ತೆ, ಹಿಂದೆ ಟ್ರಕ್ಕುಗಳು, ಇಂಜಿನ್ ಹಿಡಿತಾನೇ ಇಲ್ಲ, ಬರೀ ಬ್ರೇಕ್ ಮೇಲೆ ಇಳೀಬೇಕು. ನಿನ್ನ ಸೊಸೆ ಐವತ್ತು ಕಿಲೋಮೀಟರ್ ಲಿವರ್ ಹಿಡ್ಕೊಂಡೇ ಕೂತಿದ್ಲು. ಆಮೇಲೆ ನಿನ್ನ ಹಳೇ ಮೆಟಡಾರ್ ವ್ಯಾನ್ ನೆನಪಾಯ್ತು. ಅರಸೀಕೆರೆಯಿಂದ ತಿಪಟೂರಿಗೆ ಕೊಬ್ಬರಿ ಹೊಡೀತಿದ್ದಾಗ ಗೇರ್ ನಿಲ್ತಿಲ್ಲ ಅಂತ ಸೈಕಲ್ ಟ್ಯೂಬ್ ಸೀಳಿ ಲಿವರ್‌ಗೆ ಕಟ್ಟಿದ್ದೆಯಲ್ಲ, ಅದೇ ಮಾಡ್ದೆ. ಪುಟ್ಟಿ ಸೈಕಲ್‌ದು ಸ್ಪೇರ್ ಟ್ಯೂಬ್ ಇತ್ತು, ಲಿವರ್ ಹಿಂದಕ್ಕೆಳೆದು ಸೀಟಿನ ಕಾಲಿಗೆ ಕಟ್ಟಿದ್ವಿ. ಥರ್ಡ್ ಬೇಕಾದಾಗೆಲ್ಲ "ಬಿಚ್ಚು ಬಿಚ್ಚು" ಅಂತ ಕೂಗೋದು. ಹಂಗೇ ಮನೆ ಸೇರಿದ್ವಿ.

(ನಿನ್ನ ಮೆಟಡಾರ್ ಮೂಲಾನೂ ಇಲ್ಲೇದೇ ಗೊತ್ತಾ, ಬಜಾಜ್ ಟೆಂಪೋ ಅಂತಿತ್ತಲ್ಲ, ಆ ಟೆಂಪೋ ಕಂಪನಿ ಹ್ಯಾಂಬರ್ಗ್‌ನ ಹಾರ್ಬುರ್ಗ್ ಅನ್ನೋ ಕಡೆ ಇತ್ತು, ನಮ್ಮನೆಯಿಂದ ನೂರೈವತ್ತು ಕಿಲೋಮೀಟರ್ ಒಳಗೇ.)

ಈಗ ಬೈಸ್ಕೊಳ್ಳೋ ವಿಷ್ಯ. ಲಿವರ್ ಮೇಲೆ ಕೈ ಇಟ್ಕೊಂಡು ಓಡಿಸಬೇಡ ಅಂತ ನೀನು ಡ್ರೈವಿಂಗ್ ಕಲಿಸುವಾಗ ಎಷ್ಟು ಸಲ ಕೈ ಮೇಲೆ ಹೊಡೆದಿದೀಯ, ನಾನು ನಾಲ್ಕು ವರ್ಷದಿಂದ ಅದನ್ನೇ ಮಾಡ್ತಿದೀನಿ. ಇಲ್ಲಿ ಸ್ಟೀರಿಂಗ್ ಎಡಗಡೆ, ಗೇರ್ ಬಲಗೈಗೆ ಸಿಗತ್ತೆ, ಬಲಗೈ ಸುಮ್ನೆ ಕೂರಲ್ಲ. ಕೈ ಭಾರಕ್ಕೆ ಒಳಗಡೆ ಗೇರ್ ಬದಲಿಸೋ ಕವಲು, ಅಂದ್ರೆ ಫೋರ್ಕ್ ಹೋಗಿ, ಅದು ತಳ್ಳೋ ಬಳೆಯಂಥ ತಿರುಗ್ತಿರೋ ಸ್ಲೀವ್‌ಗೆ ಉಜ್ಜುತ್ತಾ ಇರತ್ತೆ, ಎರಡೂ ಸವೆಯತ್ತೆ. ಪೂರ್ತಿ ನನ್ನದೇ ತಪ್ಪು ಅಂತಲ್ಲ, 1984ರ ಗಾಡಿ, ಎರಡು ಲಕ್ಷದ ನಲವತ್ತು ಸಾವಿರ ಕಿಲೋಮೀಟರ್ ಓಡಿದೆ, 78 ಎಚ್‌ಪಿ ಇಂಜಿನ್ ಅಷ್ಟು ಭಾರ ಎಳೆದು ಎಳೆದು ಈ ವ್ಯಾನ್‌ಗಳಲ್ಲಿ ಥರ್ಡ್ ಫೋರ್ತ್ ಗೇರಿನ ಹಬ್, ಅಂದ್ರೆ ಆ ಸ್ಲೀವ್ ಜಾರೋ ಗುಂಬವೇ ಮೊದಲು ಹೋಗೋದಂತೆ. ಆದ್ರೂ ನಂದೂ ಪಾಲಿದೆ.

ಗುಜರಿಯಿಂದ ಹಳೇ ಬಾಕ್ಸ್ ತಂದು ಹಾಕು ಅಂತೀಯ ಅಂತ ಗೊತ್ತು. ಒಂದು ಸಿಕ್ಕಿತ್ತು, 400 ಯೂರೋ, ಆದ್ರೆ ಅದೂ ಅಷ್ಟೇ ವಯಸ್ಸಿನದು, ಒಳಗೆ ಹೆಂಗಿದೆ ಅಂತ ಹಾಕಿದ ಮೇಲೇ ಗೊತ್ತಾಗೋದು. ಅದಕ್ಕೆ ಬೇರಿಂಗ್, ಸಿಂಕ್ರೋ ರಿಂಗ್ (ಗೇರ್ ಬೀಳುವಾಗ ವೇಗ ಹೊಂದಿಸೋ ಹಿತ್ತಾಳೆ ಬಳೆ), ಹಬ್ ಎಲ್ಲಾ ಹೊಸದು ಹಾಕಿ ಕಟ್ಟಿರೋ ಬಾಕ್ಸ್ ತಗೊಂಡೆ, ನಮ್ಮ ಹಳೇದು ಕಟ್ಟಿಕೊಟ್ಟವರಿಗೆ ವಾಪಸ್ ಕೊಡಬೇಕು. 1,900 ಯೂರೋ. ಅಮ್ಮಾ, ಅಪ್ಪನಿಗೆ ಮೊದಲು ನೀರು ಕೊಡು. ಹೂಂ, ಎರಡು ಲಕ್ಷದ ಹತ್ರ, ಆ ದುಡ್ಡಿಗೆ ಊರಲ್ಲಿ ಹಳೇ ಓಮ್ನಿ ಒಂದು ಬರತ್ತೆ. ಆದ್ರೆ ಇಲ್ಲಿ ಗಾಡಿಗೆ ಮೂವತ್ತು ವರ್ಷ ದಾಟಿ ಚೆನ್ನಾಗಿಟ್ಟಿದ್ರೆ ನಂಬರ್ ಪ್ಲೇಟಲ್ಲಿ ಎಚ್ ಅಕ್ಷರ ಕೊಡ್ತಾರೆ, ಟ್ಯಾಕ್ಸು ವರ್ಷಕ್ಕೆ 191 ಯೂರೋ ಚಿಲ್ಲರೆ ಅಷ್ಟೇ. ಊರಲ್ಲಿ 15 ವರ್ಷ ಆಯ್ತು ಅಂದ್ರೆ ಎಫ್‌ಸಿ ತಲೆನೋವು ಶುರು, ಇಲ್ಲಿ ಮುದುಕ ಆದಷ್ಟೂ ಮರ್ಯಾದೆ.

ಮನೆ ಮುಂದೆ ರೋಡಲ್ಲಿ ಗಾಡಿ ಬಿಚ್ಚೋ ಹಂಗಿಲ್ಲ. ಗಂಟೆ ಲೆಕ್ಕದಲ್ಲಿ ಲಿಫ್ಟು ಟೂಲ್ಸು ಬಾಡಿಗೆಗೆ ಕೊಡೋ ವರ್ಕ್‌ಶಾಪ್ ಇರತ್ತೆ, ಕೆಳಗಿನ ಮನೆ ಪೋಲೆಂಡಿನವನನ್ನ ಕರ್ಕೊಂಡು ಶನಿವಾರ ಬೆಳಿಗ್ಗೆ ಹೋದೆ. ಆಯಿಲ್ ಇಳಿಸಿದ್ರೆ ಅಮ್ಮಾ, ಚಿನ್ನದ ಪುಡಿ ಕಲಸಿದ ಹಂಗೆ ಮಿಣಮಿಣ. ಸಿಂಕ್ರೋ ರಿಂಗ್‌ನ ಹಿತ್ತಾಳೆ ಅದು. ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಕಪ್ಪು ಕೆಸರಿನ ಜೊತೆ ಅಕ್ಕಿ ನುಚ್ಚಿನಷ್ಟು ದೊಡ್ಡ ಕಬ್ಬಿಣದ ಚೂರು ಎರಡು ಇತ್ತು, ಪೋಲೆಂಡಿನವನು ಬೆರಳಲ್ಲಿ ಒರೆಸಿ ನನ್ನ ಮುಖ ನೋಡ್ದ, ಏನೂ ಹೇಳ್ಲಿಲ್ಲ.

ಈ ಗಾಡಿಗೆ ಇಂಜಿನ್ ಹಿಂದೆ, ಅದರ ಮುಂದೆ ಗೇರ್ ಬಾಕ್ಸ್, ಎರಡೂ ಕಡೆ ಆಕ್ಸಲ್. ಆಕ್ಸಲ್ ಜಾಯಿಂಟ್ ಒಂದೊಂದಕ್ಕೂ ಆರು ಬೋಲ್ಟು, ತಲೆ ಒಳಗೆ ಹನ್ನೆರಡು ಹಲ್ಲು, ಅದರೊಳಗೆ ನಲವತ್ತು ವರ್ಷದ ಗ್ರೀಸು ಮಣ್ಣು ಗಟ್ಟಿಯಾಗಿ ಕೂತಿರತ್ತೆ. ಅದನ್ನ ಕೆದಕಿ ತೆಗೀದೆ ಬಿಟ್ ಹಾಕಿ ತಿರುಗಿಸಿದ್ರೆ ಹಲ್ಲು ಸವೆದು ಕಥೆ ಮುಗೀತು. ನಿನ್ನ ಸೊಸೆದು ಹೇರ್ ಪಿನ್ ತಗೊಂಡು ಒಂದೊಂದೇ ಕೆದಕಿದೆ, ಹನ್ನೆರಡು ಬೋಲ್ಟಿಗೆ ಒಂದು ಗಂಟೆ ಹಿಡೀತು, ಒಂದೂ ಹಾಳಾಗ್ಲಿಲ್ಲ. ಇಂಜಿನ್ ಕೆಳಗೆ ಸಪೋರ್ಟ್ ಕೊಟ್ಟು ಬಾಕ್ಸ್ ಇಳಿಸೋ ಹೊತ್ತಿಗೆ ಮಧ್ಯಾಹ್ನ ಮೂರು. ಇಳಿಸಿದ್ ಮೇಲೆ ಬಿಡೋದ್ಯಾಕೆ ಅಂತ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲು ಎಲ್ಲಾ ಹೊಸದು ಹಾಕಿದೆ, ಮತ್ತೆ ಯಾರು ಇಳಿಸ್ತಾರೆ.

ಹೊಸ ಬಾಕ್ಸ್ ಕೂರಿಸೋದೇ ಕಷ್ಟ ಆಯ್ತು ನೋಡು. ಎರಡು ಬೆರಳು ಅಂತರ ಉಳೀತು, ಶಾಫ್ಟು ಕ್ಲಚ್ ಪ್ಲೇಟ್ ಒಳಗೆ ಹೋಗ್ತಾನೇ ಇಲ್ಲ. ಅವನು ಉದ್ದ ಬೋಲ್ಟ್ ಹಾಕಿ ಟೈಟ್ ಮಾಡಿ ಎಳೆಯೋಣ ಅಂದ. ನಾನು ಹುಡುಗ ಇದ್ದಾಗ ಮೆಟಡಾರ್ ಕೆಳಗೆ ಟಾರ್ಚ್ ಹಿಡ್ಕೊಂಡು ಕೂತಿದ್ದೆನಲ್ಲ, ನೀನು ಹೇಳಿದ್ದು ಇವತ್ತಿಗೂ ಕಿವೀಲಿದೆ, "ಬಲ ಹಾಕಬೇಡ, ಗೇರಿಗೆ ಹಾಕಿ ಆ ಕಡೆಯಿಂದ ತಿರುಗಿಸು". ಗೇರಿಗೆ ಹಾಕಿ ಆಕ್ಸಲ್ ಕೂರೋ ಫ್ಲಾಂಜ್ ಎರಡನ್ನೂ ನಿಧಾನ ತಿರುಗಿಸಿದೆ, ಹಲ್ಲಿಗೆ ಹಲ್ಲು ಸಿಕ್ಕಿ ಸರ್ರನೆ ಹೋಗಿ ಕೂತ್ಕೊಳ್ತು. ಎಲ್ಲಿ ಕಲಿತೆ ಅಂದ, ತಿಪಟೂರು ಮಾರ್ಕೆಟ್ ಅಂದೆ.

ಗೇರ್ ಆಯಿಲ್ ಜಿಎಲ್-4 ದರ್ಜೆದು ಹಾಕಿದೀನಿ, ಮೂರೂವರೆ ಲೀಟರ್. ಜಿಎಲ್-5 ಹಿತ್ತಾಳೆಗೆ ಆಗಿಬರಲ್ಲ ಅಂತ ಬಾಕ್ಸ್ ಕೊಟ್ಟವರು ಎರಡೆರಡು ಸಲ ಹೇಳಿದ್ರು. ಆಕ್ಸಲ್ ಬೋಲ್ಟು ಬಿಗಿ ಅಳೆಯೋ ಟಾರ್ಕ್ ರೆಂಚಲ್ಲಿ 45 ನ್ಯೂಟನ್ ಮೀಟರಿಗೆ ಟೈಟ್ ಮಾಡಿ, ನೂರು ಕಿಲೋಮೀಟರ್ ಓಡಿಸಿ ಮತ್ತೆ ಚೆಕ್ ಮಾಡ್ದೆ. ಫೋರ್ತ್ ಈಗ ಕಲ್ಲು ಹಾಕಿದಂಗೆ ನಿಲ್ಲತ್ತೆ. ಬಲಗೈಯನ್ನ ತೊಡೆ ಕೆಳಗೆ ಇಟ್ಕೊಂಡು ಓಡಿಸ್ತೀನಿ, ಪುಟ್ಟಿ ಹಿಂದಿಂದ ಕಾವಲು.

ಒಂದೇ ಒಂದು ಉಳಿದಿದೆ. ರಿವರ್ಸ್ ಹಾಕೋಕೆ ಲಿವರ್ ಕೆಳಕ್ಕೊತ್ತಿ ಎಡಕ್ಕೆ ತಳ್ಳಬೇಕು, ಹೊಸ ಬಾಕ್ಸ್ ಬಂದ್ಮೇಲೆ ಅದು ಮೂರು ಸಲಕ್ಕೆ ಒಂದು ಸಲ ಬೀಳತ್ತೆ. ಮುಂದಿನ ಲಿವರಿಂದ ಹಿಂದಿನ ಬಾಕ್ಸಿನವರೆಗೂ ಉದ್ದ ರಾಡ್ ಹೋಗತ್ತೆ, ಅದರ ಬುಷ್ ಸವೆದಿರಬೇಕು ಅಂತ ನನ್ ಅಂದಾಜು, ಇಲ್ಲಾ ನಾನು ಅಡ್ಜಸ್ಟ್ ಮಾಡಿದ್ದೇ ತಪ್ಪಾ? ಭಾನುವಾರ ವಿಡಿಯೋ ಕಾಲಲ್ಲಿ ಕೆಳಗಿಂದ ತೋರಿಸ್ತೀನಿ, ಕನ್ನಡಕ ಹಾಕ್ಕೊಂಡು ಕೂತಿರು. ಅಲ್ಲೀವರೆಗೂ ರಿವರ್ಸ್ ಬೇಡದ ಜಾಗ ಹುಡುಕಿ ಹುಡುಕಿ ನಿಲ್ಲಿಸ್ತಿದೀನಿ.

ನಿಮ್ಮ ಮಗ