ಅಂಗಳದಾಚೆಯ ಅಕ್ಕನಿಗೆ

ನಾವಿಬ್ಬರೂ ಮೆಡಿಟರೇನಿಯನ್ ಸಮುದ್ರದ ಹಡಗಿನ ಪ್ರವಾಸ ಮುಗಿಸಿ ಮೂಡಿಗೆರೆಗೆ ಮರಳಿ ಹನ್ನೆರಡು ದಿನಗಳಾದವು. ಚಿಕ್ಕ ಮಗನ ಆರೋಗ್ಯ ವಿಚಾರಿಸಿ ಕರೆ ಮಾಡಿದವರಿಗೆ, ಸಂದೇಶ ಕಳುಹಿಸಿದವರಿಗೆ, ಮನೆಗೇ ಬಂದು ನೋಡಿಕೊಂಡು ಹೋದವರಿಗೆ ಒಬ್ಬೊಬ್ಬರಾಗಿ ಉತ್ತರಿಸಲು ಸಾಧ್ಯವಾಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಅವನು ಚೆನ್ನಾಗಿದ್ದಾನೆ. ಸೋಮವಾರದಿಂದ ಶಾಲೆಗೆ ಹೋಗುತ್ತಿದ್ದಾನೆ, ಅಣ್ಣನೊಡನೆ ಜಗಳವನ್ನೂ ಶುರುಮಾಡಿದ್ದಾನೆ.

ಕಳೆದ ವರ್ಷ ನಮ್ಮ ಯಜಮಾನರಿಗೆ ಏನಾಗಿತ್ತು, ನಾವು ಬೆಂಗಳೂರಿನಲ್ಲಿ ಎಷ್ಟು ದಿನ ಕಳೆದೆವು ಎಂಬುದು ನಿಮಗೆಲ್ಲ ತಿಳಿದಿರುವುದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಾಗ ಇವರು ಒಂದು ಮಾತು ಹೇಳಿದ್ದರು: ಹುಷಾರಾದರೆ ಒಂದು ಸಲ ನಾವಿಬ್ಬರೇ ಎಲ್ಲಾದರೂ ದೂರ ಹೋಗಿ ಬರೋಣ, ಹುಟ್ಟಿದಾಗಿನಿಂದ ಬೆಟ್ಟವನ್ನೇ ನೋಡಿದ್ದೇನೆ, ಸಮುದ್ರದ ಮೇಲೆ ನಾಲ್ಕು ದಿನ ಇರಬೇಕು ಎಂದು. ಕಾಫಿಗೆ ಒಳ್ಳೆಯ ಬೆಲೆ ಸಿಕ್ಕಿತು, ಮದುವೆಯಾಗಿ ಹತ್ತು ವರ್ಷವೂ ತುಂಬಿತು. ಹಾಗಾಗಿ ಮಳೆ ಮುಗಿದು ಹಣ್ಣು ಕೊಯ್ಲು ಶುರುವಾಗುವ ನಡುವಿನ ದಸರಾ ರಜೆಯಲ್ಲಿ, ಏಳು ವರ್ಷದ ದೊಡ್ಡವನನ್ನೂ ನಾಲ್ಕು ವರ್ಷದ ಚಿಕ್ಕವನನ್ನೂ ಮನೆಯಲ್ಲಿ ಬಿಟ್ಟು, ಬಾರ್ಸಿಲೋನಾದಿಂದ ಹೊರಟು ಬಾರ್ಸಿಲೋನಾಕ್ಕೇ ಮರಳುವ ಏಳು ರಾತ್ರಿಗಳ ಹಡಗು ಹತ್ತಿದೆವು.

ಮಾರ್ಸೇ, ಜಿನೋವಾ, ನೇಪಲ್ಸ್, ಮೆಸ್ಸಿನಾ, ಮಾಲ್ಟಾದ ವಲೆಟ್ಟಾ: ರಾತ್ರಿಯೆಲ್ಲ ಹಡಗು ಸಾಗುತ್ತಿತ್ತು, ಬೆಳಿಗ್ಗೆ ಎದ್ದರೆ ಕಿಟಕಿಯಾಚೆ ಹೊಸ ಊರು ಇರುತ್ತಿತ್ತು. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪಾಂಪೆಯಲ್ಲಿ, ಬೀದಿಯ ಕಲ್ಲುಚಪ್ಪಡಿಗಳ ಮೇಲೆ ಗಾಡಿಚಕ್ರಗಳು ಕೊರೆದ ಆಳವಾದ ಜಾಡು ಇವತ್ತಿಗೂ ಹಾಗೆಯೇ ಇದೆ. ಅದರೊಳಗೆ ಕೈಯಿಟ್ಟು ನೋಡಿದಾಗ ಗಂಟಲು ಕಟ್ಟಿತು. ಆ ಬೆಟ್ಟದ ಎತ್ತರ 1,281 ಮೀಟರ್, ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಎಂದು ದೊಡ್ಡವನಿಗೆ ಬರೆದು ಕಳುಹಿಸಿದರೆ, ಅವನು ದೊಡ್ಡಮ್ಮನ ಜೊತೆ ಕುಳಿತು ಭೂಪಟದ ಪುಸ್ತಕದಲ್ಲಿ ನೇಪಲ್ಸ್ ಹುಡುಕಿ, ಕೆಂಪು ಪೆನ್ಸಿಲಿನಿಂದ ಗುರುತು ಮಾಡಿದ ಚಿತ್ರ ಹಿಂದಿರುಗಿ ಬಂತು. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶಗಳಲ್ಲಿ ಇಟಲಿಯೂ ಒಂದು. ನೇಪಲ್ಸಿನ ಚಿಕ್ಕ ಅಂಗಡಿಯೊಂದರಲ್ಲಿ ಎಲ್ಲರಂತೆ ನಿಂತುಕೊಂಡೇ ಒಂದು ಗುಟುಕಿನಷ್ಟು ಕಪ್ಪು ಕಾಫಿ ಕುಡಿದ ಇವರು, ಇದರಲ್ಲಿ ನಮ್ಮ ಕಡೆಯ ರೋಬಸ್ಟಾ ಇದ್ದರೂ ಇರಬಹುದು ಎಂದು ಲೋಟವನ್ನು ಬಹಳ ಹೊತ್ತು ಮೂಗಿನ ಬಳಿಯೇ ಹಿಡಿದುಕೊಂಡಿದ್ದರು. ಆ ಮುಖದಲ್ಲಿ ಒಂದು ವರ್ಷದಿಂದ ನಾನು ಕಾಣದ ನೆಮ್ಮದಿಯಿತ್ತು.

ಆರನೆಯ ದಿನ ಸಂಜೆ ವಲೆಟ್ಟಾದ ಬಂದರಿನಿಂದ ಹಡಗು ಹೊರಡುವ ಮುನ್ನ ಮನೆಗೆ ಮಾತನಾಡಿದಾಗ ಚಿಕ್ಕವನಿಗೆ ಸ್ವಲ್ಪ ಮೈ ಬಿಸಿಯಾಗಿದೆ ಎಂದು ತಿಳಿಯಿತು. ನಮಗಿಂತ ಊರಿನ ಗಡಿಯಾರ ಮೂರೂವರೆ ಗಂಟೆ ಮುಂದಿತ್ತು, ಅಲ್ಲಿ ಆಗಲೇ ರಾತ್ರಿಯಾಗಿತ್ತು. ಮುಂದಿನ ಬಂದರು ಬಾರ್ಸಿಲೋನಾ. ಅದನ್ನು ಮುಟ್ಟಲು ಎರಡು ರಾತ್ರಿ, ಒಂದು ಹಗಲು ಬರೀ ನೀರು. ನಾವು ಕೊಂಡಿದ್ದುದು ಸಂದೇಶಗಳಿಗೆ ಮಾತ್ರ ಸಾಕಾಗುವಂಥ ಅಗ್ಗದ ಇಂಟರ್ನೆಟ್. ಹಡಗಿನ ಗಡಿಯಾರದಲ್ಲಿ ಹತ್ತು ಗಂಟೆಯಾಗುವ ಹೊತ್ತಿಗೆ ಅಕ್ಕನ ಸಂದೇಶವೊಂದು ಬಂತು: "ಚಿಕ್ಕಮಗಳೂರಿಗೆ ಕರ್ಕೊಂಡು ಹೊರಟಿದ್ದೀವಿ. ನಾನು ಜೊತೆಗಿದ್ದೀನಿ." ಅದಾದ ಮೇಲೆ ಸಂಪರ್ಕ ಕಡಿದುಹೋಯಿತು.

ಇಲ್ಲಿ ಅಕ್ಕ ಎಂದರೆ ನನ್ನ ವಾರಗಿತ್ತಿ, ಇವರ ಅಣ್ಣನ ಹೆಂಡತಿ. ಆರು ವರ್ಷದ ಹಿಂದೆ ಮನೆ ಪಾಲಾದಾಗ ಎರಡು ಒಲೆಗಳಾದವು, ಅಂಗಳ ಮತ್ತು ಬಾವಿ ಮಾತ್ರ ಒಂದೇ ಉಳಿದವು. ಪಾಲಿನ ಸಮಯದಲ್ಲಿ ಬಂದ ಮಾತುಗಳನ್ನು ನಾನೂ ಮರೆಯಲಿಲ್ಲ, ಅವರೂ ಮರೆಯಲಿಲ್ಲ. ಗೌರಿ ಹಬ್ಬಕ್ಕೆ ಬಾಗಿನ, ದೀಪಾವಳಿಗೆ ಒಂದು ತಟ್ಟೆ ಕಜ್ಜಾಯ, ಅಷ್ಟರಲ್ಲೇ ನಮ್ಮ ಬಳಕೆ ಮುಗಿಯುತ್ತಿತ್ತು. ಹೀಗಿರುವಾಗ ಕಳೆದ ವರ್ಷ ಇವರನ್ನು ಬೆಂಗಳೂರಿಗೆ ಕರೆದೊಯ್ಯಲು ಬೆಳಗಿನ ಜಾವ ಕಾರು ಬಂದು ನಿಂತಾಗ, ನಾನು ಯಾರನ್ನೂ ಕರೆಯದೆ ಇದ್ದಾಗಲೇ, ಅಕ್ಕ ಅಂಗಳ ದಾಟಿ ಬಂದು ನಿದ್ದೆಯಲ್ಲಿದ್ದ ಇಬ್ಬರು ಮಕ್ಕಳನ್ನೂ ಒಬ್ಬೊಬ್ಬರಾಗಿ ಹೊತ್ತುಕೊಂಡು ತಮ್ಮ ಮನೆಗೆ ನಡೆದರು. ಒಂದು ಮಾತನ್ನೂ ಆಡಲಿಲ್ಲ. ಹೆಣ್ಣುಮಕ್ಕಳಿಬ್ಬರನ್ನು ಬೆಳೆಸಿ, ಓದಿಗೆಂದು ದೂರ ಕಳುಹಿಸಿ ಬರಿದಾಗಿದ್ದ ಆ ಕೋಣೆಯಲ್ಲಿ ನನ್ನ ಗಂಡುಮಕ್ಕಳ ಹಾಸಿಗೆ ಅಂದು ಬಿದ್ದದ್ದು ಈಗಲೂ ಎದ್ದಿಲ್ಲ. ಪ್ರವಾಸದ ವಿಷಯ ಬಂದಾಗ, ಗಂಡುಮಕ್ಕಳನ್ನು ಬಿಟ್ಟು ಹೇಗೆ ಹೋಗುತ್ತೀ ಎಂದು ಬಂಧುಗಳು ಕೇಳಿದರೆ, ನನ್ನ ಪರವಾಗಿ ಉತ್ತರ ಕೊಟ್ಟವರೂ ಅವರೇ.

ಆ ರಾತ್ರಿ ಮಗುವಿಗೆ ಬಂದದ್ದು ಜ್ವರದ ಸೆಳೆತ. ಚಿಕ್ಕ ಮಕ್ಕಳಲ್ಲಿ ಇದು ಬರುವುದುಂಟು, ಹೆಚ್ಚಿನ ಬಾರಿ ತಾನಾಗಿ ನಿಲ್ಲುತ್ತದೆ ಎಂದು ವೈದ್ಯರು ಆಮೇಲೆ ವಿವರಿಸಿದರು. ಆದರೆ ಕಣ್ಣೆದುರು ಮಗುವಿನ ಕೈಕಾಲು ಸೆಟೆದುಕೊಂಡಾಗ ಆ ವಿವರಣೆ ಯಾರ ಬಳಿಯೂ ಇರುವುದಿಲ್ಲ. ಕೈಗೆ ಕಬ್ಬಿಣದ ಬೀಗದಕೈ ಕೊಡಿ, ಹಲ್ಲಿನ ನಡುವೆ ಚಮಚ ಇಡಿ ಎಂದು ಸುತ್ತಲಿದ್ದವರು ಗಾಬರಿಯಿಂದ ಹೇಳುತ್ತಿದ್ದರೂ ಅಕ್ಕ ಎರಡಕ್ಕೂ ಒಪ್ಪದೆ, ಅವನನ್ನು ಮಗ್ಗುಲಾಗಿ ಮಲಗಿಸಿ, ಅಂಗಿಯ ಗುಂಡಿ ಬಿಚ್ಚಿ, ಗೋಡೆಯ ಗಡಿಯಾರ ನೋಡುತ್ತ ಕುಳಿತರಂತೆ. ದೊಡ್ಡ ಮಗಳಿಗೆ ಎಳವೆಯಲ್ಲಿ ಹೀಗೆಯೇ ಆಗಿತ್ತು, ಆಗ ವೈದ್ಯರು ಹೇಳಿಕೊಟ್ಟದ್ದನ್ನು ಅವರು ಮರೆತಿರಲಿಲ್ಲ. ಪಕ್ಕದ ತೋಟದವರ ಜೀಪಿನಲ್ಲಿ ಮಳೆಯ ನಡುವೆ ಚಿಕ್ಕಮಗಳೂರು ಮುಟ್ಟಿದ ಮೇಲೆ ಬೆಳಗಾಗುವವರೆಗೂ ಅವರು ಸ್ಟೂಲಿನಿಂದ ಏಳಲಿಲ್ಲ, ಮಗುವಿನ ಬಲಗಾಲಿನ ಪಾದವನ್ನು ಅಂಗೈಯಲ್ಲೇ ಇಟ್ಟುಕೊಂಡಿದ್ದರು ಎಂದು ಅಲ್ಲಿದ್ದ ನರ್ಸ್ ನನಗೆ ಹೇಳಿದರು.

ಇದೊಂದೂ ತಿಳಿಯದೆ ನಾನು ಹಡಗಿನ ಮೇಲಂತಸ್ತಿನಲ್ಲಿ ಕಂಬಿ ಹಿಡಿದು ನಿಂತಿದ್ದೆ. ನಮ್ಮ ಮಲೆನಾಡಿನಲ್ಲಿ ಎಂಥ ಕತ್ತಲಲ್ಲೂ ಎದುರು ಗುಡ್ಡದಲ್ಲಿ ತೋಟದ ಕೆಲಸಗಾರರ ಯಾವುದೋ ಲೈನ್ ಮನೆಯ ಒಂದು ದೀಪ ಕಾಣುತ್ತದೆ, ಅಲ್ಲಿ ಒಂದೂ ಇರಲಿಲ್ಲ. ಮಗುವಿಗೇನಾದರೂ ಆದರೆ ನನ್ನ ಸಂತೋಷಕ್ಕಾಗಿ ಅವನನ್ನು ಬಿಟ್ಟು ಬಂದ ತಾಯಿ ನಾನು, ಈ ಜನ್ಮದಲ್ಲಿ ಇದು ತೊಳೆದುಹೋಗುವುದಿಲ್ಲ ಎಂದು ಇವರ ಮುಂದೆಯೇ ಅತ್ತೆ. ಮೈಯಲ್ಲಿ ಇನ್ನೂ ಪೂರ್ತಿ ಶಕ್ತಿ ಬಾರದ ಇವರು ನನ್ನನ್ನು ಹಿಡಿದುಕೊಂಡು ನಿಂತರು, ಅವರಿಗೂ ಮಾತು ಹೊರಡಲಿಲ್ಲ. ನಮ್ಮ ಕೋಣೆ ನೋಡಿಕೊಳ್ಳುತ್ತಿದ್ದ ಕಾರವಾರದ ಹುಡುಗ ತನ್ನ ಕೆಲಸ ಮುಗಿದಿದ್ದರೂ ಮಲಗಲು ಹೋಗದೆ, ಸಂಪರ್ಕ ಚೆನ್ನಾಗಿ ಸಿಗುವ ಜಾಗಕ್ಕೆ ನಮ್ಮನ್ನು ಕರೆದೊಯ್ದು, ಚಹಾ ತಂದುಕೊಟ್ಟು, ಬೆಳಿಗ್ಗೆ ಎಲ್ಲ ಸರಿಹೋಗುತ್ತದೆ ಅಕ್ಕಾ ಎಂದು ಕನ್ನಡದಲ್ಲಿ ಹೇಳಿದ. ಆ ಚಹಾದ ಋಣವನ್ನು ನಾನು ಮರೆಯಲಾರೆ. ಹಡಗಿನ ಗಡಿಯಾರದಲ್ಲಿ ರಾತ್ರಿ ಎರಡು ಗಂಟೆಗೆ ಫೋನ್ ಒಮ್ಮೆಲೇ ಅದುರತೊಡಗಿತು, ತಡೆದುನಿಂತಿದ್ದ ಹನ್ನೊಂದು ಸಂದೇಶಗಳು ಒಟ್ಟಿಗೆ ಬಂದವು. ಎಲ್ಲದರಲ್ಲೂ ಒಂದೇ ಒಕ್ಕಣೆ: ಸರಿ ಇದ್ದಾನೆ, ಮಲಗಿದ್ದಾನೆ, ಡಾಕ್ಟರು ನೋಡಿದರು. ಕೊನೆಯದರಲ್ಲಿ ಮಾತ್ರ ಸ್ವಲ್ಪ ಹೆಚ್ಚು ಬರೆದಿದ್ದರು: "ಜ್ವರ ಇಳೀತು. ನೀವು ಅಲ್ಲಿಂದ ಈಜಿ ಬರೋಕಾಗುತ್ತಾ? ನೀನು ಮೊದಲು ಊಟ ಮಾಡು. ಅವನಿಗೂ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡು."

ಊರಿಗೆ ಬಂದ ಮೂರನೆಯ ದಿನ ಅವರ ಅಡುಗೆಮನೆಯ ಕಿಟಕಿಯಲ್ಲಿದ್ದ ಹಾಲಿನ ಲೆಕ್ಕದ ಪುಸ್ತಕ ನನ್ನ ಕಣ್ಣಿಗೆ ಬಿತ್ತು. ಎಡಗಡೆ ಒಂದು ಲೀಟರು, ಒಂದೂವರೆ ಲೀಟರು ಎಂಬ ಎಂದಿನ ಲೆಕ್ಕ. ಬಲಗಡೆಯ ಪುಟದಲ್ಲಿ ಆ ರಾತ್ರಿ. "10-15. 101.4. ಔಷಧಿ ಕೊಟ್ಟೆ." "11-40. 102. ಮೈ ಒರೆಸಿದೆ." "12-50. ಸೆಳೆತ. ಎರಡು ನಿಮಿಷ." ಜೀಪಿನಲ್ಲಿ ಬರೆದ ಸಾಲುಗಳ ಅಕ್ಷರ ಅಡ್ಡಾದಿಡ್ಡಿ ಹೋಗಿತ್ತು. ಈ ಪುಟವನ್ನು ನೋಡಿಯೇ ವೈದ್ಯರಿಗೆ ಎಷ್ಟೋ ವಿಷಯ ಕೇಳದೆ ತಿಳಿಯಿತಂತೆ. ನನಗೆ ಕಳುಹಿಸಿದ ಹನ್ನೊಂದು ಸಂದೇಶಗಳಲ್ಲಿ ಇಲ್ಲದ ಒಂದು ಸಾಲು ಅಲ್ಲಿತ್ತು: "3-30. ಅಮ್ಮ ಅಂದ. ಇದ್ದೀನಿ ಅಂದೆ."

ಆ ಪುಟ ಹಿಡಿದುಕೊಂಡು ನಾನು ಅವರ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟೆ. ಆರು ವರ್ಷ ನಾನು ಎಣಿಸಿಟ್ಟುಕೊಂಡ ಮಾತುಗಳು, ಯಾವ ಕೋಣೆ ಯಾರಿಗೆ, ಯಾವ ಪಾತ್ರೆ ಯಾರಿಗೆ ಎಂಬುವೆಲ್ಲ ನೆನಪಾಗಿ ನಾಚಿಕೆಯಾಯಿತು. ಅಕ್ಕ ಅಕ್ಕಿ ಆರಿಸುತ್ತಿದ್ದವರು ಮೊರ ಬದಿಗಿಟ್ಟು ಬಂದು ಪಕ್ಕದಲ್ಲಿ ಕುಳಿತರು.

ಜೀಪು ತೆಗೆದುಕೊಂಡು ಬಂದ ಪಕ್ಕದ ತೋಟದವರಿಗೆ, ಆ ಹೊತ್ತಿನಲ್ಲಿ ಬಾಗಿಲು ತೆರೆದ ವೈದ್ಯರು ಮತ್ತು ನರ್ಸುಗಳಿಗೆ, ದೊಡ್ಡವನನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಜಪ ಮಾಡುತ್ತ ರಾತ್ರಿ ಕಳೆದ ನಮ್ಮ ಅತ್ತೆಗೆ, ತೋಟದ ಕೆಲಸ ಒಂದು ದಿನವೂ ನಿಲ್ಲದಂತೆ ನೋಡಿಕೊಂಡ ಮೇಲ್ವಿಚಾರಕ ರೈಟರಿಗೆ, ವೀಸಾದ ಕಾಗದಪತ್ರಗಳನ್ನು ಎರಡೆರಡು ಸಲ ತಿದ್ದಿಕೊಟ್ಟ ಗೆಳತಿಗೆ, ಕಳೆದ ವರ್ಷ ಬೆಂಗಳೂರಿನಲ್ಲಿ ಊಟ ತಂದುಕೊಟ್ಟ ಎಲ್ಲರಿಗೆ ನಮ್ಮಿಬ್ಬರ ಕೃತಜ್ಞತೆಗಳು.

ಮಾರ್ಸೇಯಿಂದ ಅಕ್ಕನಿಗೆಂದು ತಂದಿದ್ದ ಆಲಿವ್ ಎಣ್ಣೆಯ ಸಾಬೂನಿನ ಗಟ್ಟಿಯನ್ನು ಅವರು ಬಳಸಲು ಮನಸ್ಸು ಬಾರದೆ ಸೀರೆಗಳ ನಡುವೆ ಇಟ್ಟಿದ್ದಾರೆ. ಆ ಹಾಲಿನ ಪುಸ್ತಕವನ್ನು ನನಗೆ ಕೊಡಿ, ಮಗ ದೊಡ್ಡವನಾದ ಮೇಲೆ ತೋರಿಸಬೇಕು ಎಂದು ಮೊನ್ನೆ ಕೇಳಿದೆ. ಈ ತಿಂಗಳ ಹಾಲಿನ ಲೆಕ್ಕ ಇನ್ನೂ ಮುಗಿದಿಲ್ಲ, ಮುಗಿಯಲಿ, ಆಮೇಲೆ ತಗೋ ಎಂದಿದ್ದಾರೆ.